ಬೋರ್ಡು ನೋಡಬೇಡ, ಡೈ ನೋಡು

ಪುಟ್ಟಿ,

ನಿಮ್ಮ ಕಂಪನಿಯನ್ನು ದೊಡ್ಡ ಕಂಪನಿಯೊಂದು ಕೊಂಡುಕೊಂಡಿದೆ, ಬರುವ ಏಪ್ರಿಲ್ಲಿನಿಂದ ಗೇಟಿನ ಮೇಲೆ ಹಳೆಯ ಹೆಸರು ಇರುವುದಿಲ್ಲ ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ನಿಶ್ಚಯವಾದ ಮದುವೆ ಮುರಿದುಬಿದ್ದವರ ಮನೆಯ ಗಾಬರಿ ಅವಳ ದನಿಯಲ್ಲಿತ್ತು. ಆಮೇಲೆ ನೀನೂ ಮೆಸೇಜು ಹಾಕಿದೆ: "ಮಾವ, ಮಾನೇಸರ್ ಬಿಟ್ಟು ಬೆಂಗಳೂರಿಗೆ ಬಂದುಬಿಡಲಾ?" ಬಾ ಅಂತಲೂ ಹೇಳುವುದಿಲ್ಲ, ಇರು ಅಂತಲೂ ಹೇಳುವುದಿಲ್ಲ. ಫರಿದಾಬಾದಿನ ಟೂಲ್‌ರೂಮುಗಳಲ್ಲಿ ತಲೆ ನರೆಸಿಕೊಂಡವನು ನಾನು. ಹೋಗಬೇಕೋ ಇರಬೇಕೋ ಅನ್ನುವುದನ್ನು ಎಲ್ಲಿ ನೋಡಿ ತೀರ್ಮಾನ ಮಾಡಬೇಕು ಅನ್ನುವುದಷ್ಟು ಗೊತ್ತು. ಅದನ್ನೇ ಹೇಳುತ್ತೇನೆ, ಸಾವಧಾನವಾಗಿ ಓದು.

ಭಾನುವಾರ ಬಂತೆಂದರೆ ಗ್ವಾಲ್ ಪಹಾಡಿ ಕಡೆಯ ಮಣ್ಣುದಾರಿಗೆ ನೀನು ಒಯ್ಯುವ ಆ ಬೈಕಿನ ಟ್ಯಾಂಕಿನ ಮೇಲೆ ಹಸ್ಕ್‌ವರ್ನಾ ಅಂತ ಬರೆದಿದೆಯಲ್ಲ, ಆ ಹೆಸರಿನ ಚರಿತ್ರೆ ನಿನಗೆ ಗೊತ್ತಿದೆಯೋ ಇಲ್ಲವೋ. ಸ್ವೀಡನ್ನಿನಲ್ಲಿ 1689ರಲ್ಲಿ ಬಂದೂಕಿನ ಕಾರ್ಖಾನೆಯಾಗಿ ಹುಟ್ಟಿದ ಮನೆತನ ಅದು. 1903ರಲ್ಲಿ ಮೋಟರ್‌ಸೈಕಲ್ಲಿಗೆ ಕೈಹಾಕಿತು. ಕಾಡು, ಕೆಸರು, ಕಲ್ಲುದಾರಿಯ ರೇಸುಗಳಲ್ಲಿ ಎರಡನೇ ಮಹಾಯುದ್ಧದ ನಂತರ ಅದರದ್ದೇ ದರ್ಬಾರು. 1978ರಲ್ಲಿ ಎಲೆಕ್ಟ್ರೋಲಕ್ಸ್ ಅದನ್ನು ಕೊಂಡಿತು. ಫ್ರಿಜ್ಜು ಮಾಡುವವರಿಗೆ ಮೋಟೋಕ್ರಾಸ್ ಬೈಕಿನ ಮೇಲೆ ಎಷ್ಟು ದಿನ ಪ್ರೀತಿ ಉಳಿದೀತು? 1987ರಲ್ಲಿ ಬೈಕಿನ ವಿಭಾಗವನ್ನು ಇಟಲಿಯ ಕಜೀವಾ ಕಂಪನಿಗೆ ಮಾರಿಬಿಟ್ಟರು. ಹೆಸರು ಇಟಲಿಗೆ ಹೋಯಿತು. ಆ ಬೈಕನ್ನು ಮಾಡುತ್ತಿದ್ದವರಲ್ಲಿ ಕೆಲವರು ಹೋಗಲಿಲ್ಲ.

ನಿನ್ನ ವಯಸ್ಸಿನವರು ಕಿವಿಗೊಡಬೇಕಾದ ಭಾಗ ಇದು. ಥಾಮಸ್ ಗುಸ್ತಾವ್‌ಸನ್ ಎನ್ನುವವರೂ ಅವರ ಜೊತೆಯ ಇಂಜಿನಿಯರುಗಳೂ ಊರಲ್ಲೇ ಉಳಿದು, 1988ರಲ್ಲಿ ಹುಸಾಬರ್ಗ್ ಅಂತ ಹೊಸ ಕಂಪನಿ ಕಟ್ಟಿದರು. ಕೈಯಲ್ಲಿ ಹಳೆಯ ಹೆಸರಿಲ್ಲ, ದೊಡ್ಡ ಬಂಡವಾಳವಿಲ್ಲ. ಇದ್ದದ್ದು ಒಂದೇ, ಹಗುರವಾದ ಫೋರ್ ಸ್ಟ್ರೋಕ್ ಇಂಜಿನ್ ಮಾಡುವುದು ಹೇಗೆ ಎನ್ನುವ ತಿಳಿವಳಿಕೆ. ಮಣ್ಣಿನ ರೇಸೆಂದರೆ ಟೂ ಸ್ಟ್ರೋಕೇ ಎಂದು ಜಗತ್ತು ಒಪ್ಪಿಕೊಂಡಿದ್ದ ಕಾಲ. ಫೋರ್ ಸ್ಟ್ರೋಕು ಭಾರ, ಅದು ಹಾರಲಾರದು ಅನ್ನುತ್ತಿದ್ದರು. ಅದೇ ಹುಸಾಬರ್ಗ್ ಏರಿ ಬೆಲ್ಜಿಯಂನ ಜೋಯಲ್ ಸ್ಮೆಟ್ಸ್ 1995, 1997 ಮತ್ತು 1998ರಲ್ಲಿ 500 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದ. ಬೆರಳೆಣಿಕೆಯ ಜನ ಮಾಡಿದ ಬೈಕು! ಇವತ್ತು ಮೋಟೋಕ್ರಾಸಿನ ದೊಡ್ಡ ವರ್ಗದಲ್ಲಿ ಎಲ್ಲರೂ ಓಡಿಸುವುದು ಫೋರ್ ಸ್ಟ್ರೋಕನ್ನೇ.

ಆದರೆ ಕೈಚಳಕವೊಂದರಿಂದಲೇ ಸಂಬಳದ ದಿನ ದಾಟುವುದಿಲ್ಲ. 1995ರಲ್ಲಿ ಆಸ್ಟ್ರಿಯಾದ ಕೆಟಿಎಂ ಹುಸಾಬರ್ಗನ್ನು ಕೊಂಡಿತು. ಈ ಕೆಟಿಎಂ ಕೂಡ 1991ರಲ್ಲಿ ದಿವಾಳಿಯೆದ್ದು, ಬೈಕು, ಸೈಕಲ್ಲು, ರೇಡಿಯೇಟರು, ಟೂಲು ಅಂತ ನಾಲ್ಕು ಪಾಲಾಗಿ, ಬೈಕಿನ ಪಾಲನ್ನು ಸ್ಟೆಫಾನ್ ಪಿಯರರ್ ಎತ್ತಿ ನಿಲ್ಲಿಸಿದ ಕಂಪನಿ. ಎಂಟು ವರ್ಷ ಹುಸಾಬರ್ಗ್ ಸ್ವೀಡನ್ನಿನಲ್ಲೇ ತಯಾರಾಯಿತು. 2003ರಲ್ಲಿ ತಯಾರಿಕೆಯನ್ನು ಆಸ್ಟ್ರಿಯಾದ ಮಾಟಿಗ್‌ಹೋಫೆನ್‌ಗೆ, ಕೆಟಿಎಂನ ಹಟ್ಟಿಗೇ ಸಾಗಿಸಿದರು. ಬೋರ್ಡು ಮಾತ್ರ ಹಾಗೇ ಇತ್ತು. ಹೊರಗಿನಿಂದ ನೋಡಿದವರಿಗೆ ಏನೂ ಆಗಿರಲಿಲ್ಲ.

ಅಲ್ಲೂ ಒಂದು ಕೊನೆಯ ಆಟ ಆಡಿದರು ನೋಡು, ಅದಕ್ಕೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. 2009ರ ಮಾಡೆಲಿನಲ್ಲಿ ಸಿಲಿಂಡರನ್ನು 70 ಡಿಗ್ರಿ ಮುಂದಕ್ಕೆ ಮಲಗಿಸಿದರು. ಯಾಕೆ ಹೇಳು? ಗರಗರ ತಿರುಗುವ ಕ್ರ್ಯಾಂಕ್‌ಶಾಫ್ಟು ಬೈಕನ್ನು ಪಕ್ಕಕ್ಕೆ ಹೊರಳಿಸಲು ಬಿಡುವುದಿಲ್ಲ, ಎದುರು ನಿಲ್ಲುತ್ತದೆ. ಅದನ್ನು ಬೈಕಿನ ಒಟ್ಟು ಭಾರದ ನಡುಬಿಂದುವಿನ ಹತ್ತಿರಕ್ಕೆ ತಂದರೆ ಆ ಹಟ ಕಡಿಮೆಯಾಗುತ್ತದೆ, ಗಾಡಿ ಹಗುರಾಗಿ ತಿರುಗುತ್ತದೆ ಅನ್ನುವುದು ಅವರ ಲೆಕ್ಕ. ಸಿಲಿಂಡರು ಮಲಗಿದರೆ ಕ್ರ್ಯಾಂಕು ಮೇಲಕ್ಕೆ, ನಡುವಿಗೆ ಬರುತ್ತದೆ. ಹಾಗೆ ಮಾಡಿದ್ದಕ್ಕೆ ಏರ್ ಫಿಲ್ಟರು ಹ್ಯಾಂಡಲ್ಲಿನ ಬುಡಕ್ಕೆ ಹೋಗಿ ಕೂತಿತು. ಕೆಸರು, ನೀರು ಅಷ್ಟು ಎತ್ತರಕ್ಕೆ ಏರುವುದಿಲ್ಲ, ಅದೂ ಒಂದು ಲಾಭ. ತಲೆಯಿದ್ದವರು ಮಾತ್ರ ಮಾಡುವ ಕೆಲಸ.

2013ರ ಮಾಡೆಲು ಬರುವ ಹೊತ್ತಿಗೆ ಆ ಇಂಜಿನ್ ಹೋಯಿತು. ಬಣ್ಣ ನೀಲಿ ಹಳದಿಯೇ, ಹೆಸರು ಹುಸಾಬರ್ಗೇ, ಒಳಗಿನ ಫೋರ್ ಸ್ಟ್ರೋಕ್ ಇಂಜಿನ್ ಕೆಟಿಎಂನದು. ಅದೇ 2013ರಲ್ಲಿ, ಕಜೀವಾದಿಂದ ಬಿಎಂಡಬ್ಲ್ಯುಗೆ ದಾಟಿದ್ದ ಹಸ್ಕ್‌ವರ್ನಾ ಹೆಸರನ್ನು ಪಿಯರರ್ ಕೊಂಡರು. ಈಗ ಒಬ್ಬರ ಕೈಯಲ್ಲೇ ಹಸ್ಕ್‌ವರ್ನಾ ಎಂಬ ನೂರು ವರ್ಷದ ಹೆಸರು, ಹುಸಾಬರ್ಗ್ ಎಂಬ ಇಪ್ಪತ್ತೈದು ವರ್ಷದ ಹೆಸರು. ಎರಡೂ ಸ್ವೀಡನ್ನಿನವೇ, ಒಂದೇ ಮನೆಯಿಂದ ಒಡೆದವು. ಎರಡರಲ್ಲಿ ಯಾವುದು ಹೆಚ್ಚು ಮಾರುತ್ತದೆ? ಆ ಲೆಕ್ಕ ಮಾಡಿ ಹುಸಾಬರ್ಗನ್ನು ಹಸ್ಕ್‌ವರ್ನಾದಲ್ಲಿ ಸೇರಿಸಿ ಕೈತೊಳೆದುಕೊಂಡರು. ಇಟಲಿಯ ವರೇಸೆ ಬಳಿ ಹಸ್ಕ್‌ವರ್ನಾ ಮಾಡುತ್ತಿದ್ದ ಕಾರ್ಖಾನೆಯೂ ಮುಚ್ಚಿತು. ಹೆಸರು ಗೆದ್ದಿತು, ಅದರ ಕೆಲಸಗಾರರು ಬೀದಿಗೆ ಬಂದರು. ಅದಾಗಿ ಏಳು ವರ್ಷಕ್ಕೆ, 2020ರ ಫೆಬ್ರವರಿಯಲ್ಲಿ, ಅದೇ ಹೆಸರು ಹೊತ್ತ 250 ಸಿಸಿ ಬೈಕು ಪುಣೆಯ ಹತ್ತಿರದ ಚಾಕಣ್‌ನ ಬಜಾಜ್ ಕಾರ್ಖಾನೆಯಿಂದ ಇಳಿದು, ಕೆಟಿಎಂ ಶೋರೂಮಿನಲ್ಲಿ ಮಾರಾಟಕ್ಕೆ ನಿಂತಿತು. ನಿನ್ನ ಗಾಡಿಯ ವಂಶವೃಕ್ಷ ಇಷ್ಟು.

ಈಗ ವರ್ಷಗಳನ್ನು ಮತ್ತೆ ನೋಡು. ಮಾರಾಟ 1995. ಕೆಲಸ ಸಾಗಿದ್ದು 2003. ಇಂಜಿನ್ ಹೋದದ್ದು 2013ರ ಮಾಡೆಲಿಗೆ. ಹೆಸರು ಹೋದದ್ದು ಎಲ್ಲಕ್ಕಿಂತ ಕೊನೆಗೆ. ಹುಸಾಬರ್ಗ್ ಮುಳುಗಿತು ಅಂತ ಮಣ್ಣಿನ ಹಾದಿಯ ಸವಾರರು ಅತ್ತದ್ದು ಆ ಕೊನೆಯ ದಿನ. ಸ್ವೀಡನ್ನಿನ ಶೆಡ್ಡಿನಲ್ಲಿ ಫೈಲು ಹಿಡಿದು ಕೂತಿದ್ದ ಫಿಟ್ಟರಿಗೆ ಮಾತ್ರ ಅದು ಹತ್ತು ವರ್ಷ ಹಳೆಯ ಸುದ್ದಿ. ನಾನು ನಿನಗೆ ಹೇಳಬೇಕಾದ್ದೂ ಅದೇ, ಪುಟ್ಟಿ. ಜನ ಬೋರ್ಡನ್ನು ನೋಡಿ ಎದೆ ಬಡಿದುಕೊಳ್ಳುತ್ತಾರೆ. ನೀನು ಡೈ, ಅಂದರೆ ಬಿಡಿಭಾಗ ಒತ್ತುವ ಅಚ್ಚು, ಎಲ್ಲಿದೆ, ಜಿಗ್ಗು ಫಿಕ್ಸ್ಚರು ಎಲ್ಲಿಗೆ ಹೊರಟಿವೆ ಅನ್ನುವುದನ್ನು ನೋಡು.

ಯೂರೋಪಿನ ಮಾತು ನಮಗ್ಯಾಕೆ ಅನ್ನಬೇಡ. ನಾನು ಮೂರು ಹೊತ್ತು ಉಣ್ಣುತ್ತಿರುವ ಈ ಫರಿದಾಬಾದಿನಲ್ಲೇ ಇದರ ತಲೆಕೆಳಗಾದ ಕಥೆಯೊಂದು ನಡೆದಿದೆ. ಪೋಲೆಂಡಿನ ಕ್ಯೆಲ್ತ್ಸೆ ಎನ್ನುವ ಊರಿನಲ್ಲಿ ಎಸ್‌ಎಚ್‌ಎಲ್ ಅಂತ ಒಂದು ಬ್ರಾಂಡ್ ಇತ್ತು. 1938ರಲ್ಲಿ 98 ಸಿಸಿಯ ಪುಟ್ಟ ಗಾಡಿಯಿಂದ ಶುರು ಮಾಡಿದ್ದರು. ಯುದ್ಧದಲ್ಲಿ ನಿಂತು, ಮತ್ತೆ ಎದ್ದು, 1961ರ ಸುಮಾರಿಗೆ ಎಂ11 ಎನ್ನುವ 175ರ ಮಾಡೆಲು ತಂದರು. ಅದರ ಲೈಸೆನ್ಸನ್ನು ಎಸ್ಕಾರ್ಟ್ಸ್ ಕೊಂಡಿತು. ಎಸ್ಕಾರ್ಟ್ಸ್ ಅಂದರೆ 1944ರಲ್ಲಿ ಲಾಹೋರಿನಲ್ಲಿ ಹರ್ ಪ್ರಸಾದ್ ನಂದಾ ಶುರು ಮಾಡಿ, ದೇಶ ಒಡೆದ ಮೇಲೆ ದೆಹಲಿಗೆ ಬಂದು ನೆಲೆಯೂರಿದ ಕಂಪನಿ. ವಿದೇಶಿ ವಿನಿಮಯಕ್ಕೆ ಒದ್ದಾಡುತ್ತಿದ್ದ ಕಾಲದಲ್ಲಿ ಪೋಲೆಂಡಿನಂಥ ದೇಶದ ಜೊತೆ ವ್ಯವಹಾರ ಸುಲಭವಿತ್ತು. ಎಸ್ಕಾರ್ಟ್ಸ್ ಟ್ರ್ಯಾಕ್ಟರಿನ ತಿಳಿವಳಿಕೆಯೂ ಪೋಲೆಂಡಿನ ಉರ್ಸುಸ್‌ನಿಂದಲೇ ಬಂದದ್ದು. ಎಂ11 ಇಲ್ಲಿ ರಾಜ್‌ದೂತ್ ಆಯಿತು.

ನಿನ್ನ ಅಜ್ಜಯ್ಯನ ಕಾಲದವರನ್ನು ಕೇಳು, ಹಾಸನ, ಅರಸೀಕೆರೆ ಕಡೆಗೂ ಆ ಗಾಡಿ ಬಂದಿತ್ತು. ಉತ್ತರ ಭಾರತದಲ್ಲಂತೂ ಹಾಲಿನವರ ಗಾಡಿಯೆಂದರೆ ಅದೇ. ಎರಡೂ ಕಡೆ ಹಾಲಿನ ಕ್ಯಾನು ತೂಗುಹಾಕಿಕೊಂಡು ಹೊಲದ ಬದುವಿನ ಮೇಲೆ ಓಡಬೇಕು. ಅದು ಓಡುತ್ತಿತ್ತು. ಮುಂದಿನ ಚಕ್ರಕ್ಕೆ ಈಗಿನಂತೆ ಟೆಲಿಸ್ಕೋಪಿಕ್ ಫೋರ್ಕ್ ಅಲ್ಲ, ಹಿಂದಿನ ಚಕ್ರಕ್ಕಿದ್ದ ಹಾಗೆಯೇ ಒಂದು ಸ್ವಿಂಗ್ ಆರ್ಮ್, ಎರಡು ಶಾಕ್ ಅಬ್ಸಾರ್ಬರ್. ಜೋರಾಗಿ ಮುಂದಿನ ಬ್ರೇಕು ಹಿಡಿದರೆ ಬೇರೆ ಗಾಡಿಗಳ ಮೂತಿ ಕೆಳಗೆ ಕುಸಿಯುತ್ತದೆ, ಇದರದ್ದು ಮೇಲೇಳುತ್ತಿತ್ತು. ಮೊದಲ ಸಲ ಹತ್ತಿದವನಿಗೆ ಎದೆ ಝಲ್ಲೆನ್ನುವುದು ಖಂಡಿತ. 173 ಸಿಸಿ, ಟೂ ಸ್ಟ್ರೋಕು, ಮೂರು ಗೇರು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವುದು. ಸೈಲೆನ್ಸರಿನಲ್ಲಿ ಕರಿ ಕಟ್ಟಿದರೆ ಬಿಚ್ಚಿ, ಸುಟ್ಟು, ಬಡಿದು ಹಾಕುವುದು. ಹಳ್ಳಿಯ ಮೆಕ್ಯಾನಿಕ್ಕಿಗೆ ಸ್ಪ್ಯಾನರು, ಪ್ಲೈಯರು ಎರಡಿದ್ದರೆ ಸಾಕು.

ಆ ಕಡೆ ಕ್ಯೆಲ್ತ್ಸೆಯಲ್ಲಿ 1970ಕ್ಕೆ ಎಸ್‌ಎಚ್‌ಎಲ್ ಮೋಟರ್‌ಸೈಕಲ್ಲೇ ನಿಂತುಹೋಯಿತು. ಯೋಜನೆಯ ಕಾಗದದಲ್ಲಿ ಆ ಕಾರ್ಖಾನೆಗೆ ಬೇರೆ ಕೆಲಸ ಬರೆದಾಗಿತ್ತು. ಫ್ರಾನಿಯಾ ಅಂತ ಬಟ್ಟೆ ಒಗೆಯುವ ಯಂತ್ರ ಮಾಡುತ್ತಿದ್ದದ್ದೂ ಅದೇ ಕಾರ್ಖಾನೆ. ಹೆಸರು ಹುಟ್ಟಿದೂರಿನಲ್ಲೇ ಸತ್ತಿತು. ಅದರ ಗಾಡಿ ಮಾತ್ರ ಯಮುನೆಯ ಈ ದಡದಲ್ಲಿ ಇನ್ನೂ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಯಾರಾಯಿತು. ಯಾಕೆಂದರೆ ಡೈಗಳು ಇಲ್ಲಿದ್ದವು, ಅವನ್ನು ರಿಪೇರಿ ಮಾಡಬಲ್ಲವರು ಇಲ್ಲಿದ್ದರು.

ಆಮೇಲಿನದ್ದು ಬೇಗ ಹೇಳಿಬಿಡುತ್ತೇನೆ. 1983ರಲ್ಲಿ ಯಮಹಾದ ಆರ್‌ಡಿ 350ಯನ್ನು ರಾಜ್‌ದೂತ್ ಹೆಸರಿನಲ್ಲಿ ತಂದರು. ಹುಡುಗರು ಹುಚ್ಚೆದ್ದರು, ಮನೆಯ ಯಜಮಾನರು ಪೆಟ್ರೋಲಿನ ಲೆಕ್ಕ ಹಾಕಿ ಬೇಡವೆಂದರು. 1985ರಲ್ಲಿ ಧಾರೂಹೇಡಾದಿಂದ ಹೀರೋ ಹೋಂಡಾದ ಸಿಡಿ 100 ಬಂತು. ಲೀಟರಿಗೆ ಎಂಬತ್ತು ಕಿಲೋಮೀಟರು ಅನ್ನುವ ಮಾತಿನ ಮುಂದೆ ಟೂ ಸ್ಟ್ರೋಕಿನ ಆಟ ನಡೆಯಲಿಲ್ಲ. ಹೊಗೆಯ ಕಾನೂನು ಬಿಗಿಯಾದ ಮೇಲೆ ಉಳಿದದ್ದೂ ಮುಗಿಯಿತು. 1996ರಲ್ಲಿ ಎಸ್ಕಾರ್ಟ್ಸೂ ಯಮಹಾವೂ ಅರ್ಧರ್ಧ ಪಾಲು, 2001ರಲ್ಲಿ ಪೂರ್ತಿ ಯಮಹಾ. ಎಸ್ಕಾರ್ಟ್ಸ್ ಟ್ರ್ಯಾಕ್ಟರಿನಲ್ಲಿ ಉಳಿಯಿತು. ಅಲ್ಲೂ ಜಪಾನಿನ ಕುಬೋಟಾ ಬಂದು, 2022ರಲ್ಲಿ ಹೆಸರು ಎಸ್ಕಾರ್ಟ್ಸ್ ಕುಬೋಟಾ ಆಯಿತು. ನಮ್ಮೂರಲ್ಲಿ ಗುಂಡಿ ತೋಡುವ ಹಳದಿ ಯಂತ್ರಕ್ಕೆಲ್ಲ ಜೆಸಿಬಿ ಎನ್ನುತ್ತಾರಲ್ಲ, ಅದೂ 1979ರಲ್ಲಿ ಬಲ್ಲಭಗಢದಲ್ಲಿ ಎಸ್ಕಾರ್ಟ್ಸ್ ಜೆಸಿಬಿ ಎಂದೇ ಶುರುವಾದದ್ದು. ಮುಂದೆ ಎಸ್ಕಾರ್ಟ್ಸ್ ತನ್ನ ಪಾಲು ಮಾರಿತು. ಯಂತ್ರ ಬಲ್ಲಭಗಢದಲ್ಲೇ ತಯಾರಾಗುತ್ತಿದೆ. ನಮ್ಮ ಮೆಟ್ರೋದ ವೈಲೆಟ್ ಲೈನಿನಲ್ಲಿ ಬಾಟಾ ಚೌಕ್ ಆದ ಮೇಲೆ ಎಸ್ಕಾರ್ಟ್ಸ್ ಮುಜೇಸರ್ ಅಂತ ಸ್ಟೇಷನ್ ಬರುತ್ತದೆ. ಇಳಿಯುವವರಲ್ಲಿ ಎಷ್ಟು ಜನರಿಗೆ ರಾಜ್‌ದೂತ್ ಗೊತ್ತೋ! ಗೊತ್ತಿದ್ದವನೊಬ್ಬ ಹಳೆಯದನ್ನು ಉಜ್ಜಿ ಹೊರಗೆ ತೆಗೆದರೂ ಸಂಕಟವೇ. 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಎನ್‌ಸಿಆರ್ ರಸ್ತೆಗೆ ಇಳಿಯಬಾರದು ಎಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. 2025ರಲ್ಲಿ ಆ ಪಟ್ಟು ಸ್ವಲ್ಪ ಸಡಿಲಾಯಿತು ಅನ್ನು.

ರಾಜ್‌ದೂತ್ ನಿಂತ ದಿನಗಳಲ್ಲಿ ನಮ್ಮ ಸೆಕ್ಟರಿನ ಸಣ್ಣ ಶೆಡ್ಡುಗಳ ಗತಿ ಏನಾಯಿತು ಅನ್ನುವುದು ನಿನಗೆ ಬೇಕಾದ ಪಾಠ. ಒಬ್ಬರು ರಾಜ್‌ದೂತಿನ ಟೂಲ್‌ಬಾಕ್ಸಿನ ಮುಚ್ಚಳ ಒಂದನ್ನೇ ಒತ್ತುತ್ತಿದ್ದರು. ಗಿರಾಕಿ ಡೈ ಕೊಟ್ಟಿದ್ದ, ಇವರು ಪ್ರೆಸ್ಸಿಗೆ ಕೂರಿಸಿ ಒತ್ತುವುದು, ಎಣಿಸಿ ಕಳಿಸುವುದು. ಆರ್ಡರು ನಿಂತ ತಿಂಗಳು ಗಿರಾಕಿಯ ಲಾರಿ ಬಂದು ಡೈ ಹೊತ್ತುಕೊಂಡು ಹೋಯಿತು. ಶೆಡ್ಡಿಗೆ ಬೀಗ ಬಿತ್ತು. ಎರಡು ಗಲ್ಲಿ ಆಚೆ ಇನ್ನೊಬ್ಬರಿದ್ದರು, ಡೈಯನ್ನು ತಾವೇ ಕೊರೆಯುತ್ತಿದ್ದರು, ಸವೆದರೆ ವೆಲ್ಡ್ ತುಂಬಿ ಮತ್ತೆ ಗ್ರೈಂಡ್ ಮಾಡುತ್ತಿದ್ದರು. ಅವರು ಬೈಕಿನಿಂದ ಕಾರಿಗೆ, ಕಾರಿನಿಂದ ಟ್ರ್ಯಾಕ್ಟರಿಗೆ ದಾಟಿದರು. ಅವರ ಬೋರ್ಡೂ ಎರಡು ಸಲ ಬದಲಾಗಿದೆ, ಮಗ ಸೊಸೆ ಬಂದ ಮೇಲೆ.

ಹಾಗಂತ ಹೆಸರು ಬರೀ ಬೂಟಾಟಿಕೆ ಅಂತ ತಿಳಿಯಬೇಡ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿ ಇಲ್ಲ ಎಂದು ನಾವು ನಗುತ್ತೇವೆ. ಆದರೆ ಪೇಟೆಯಲ್ಲಿ ಸಾಲ ಹುಟ್ಟುವುದು ಭಟ್ಟರ ಹೆಸರಿಗೇ. ಹುಸಾಬರ್ಗಿನವರಿಗೆ ಹೆಸರಿರಲಿಲ್ಲ, ಅದಕ್ಕೇ ಅವರು ಮಾರಾಟವಾದದ್ದು. ನಮ್ಮ ಮೈಸೂರಿನ ಐಡಿಯಲ್ ಜಾವಾ ನೋಡು. 1960ರಲ್ಲಿ ಇರಾನಿ ಎಂಬ ಮನೆತನದವರು ಚೆಕ್ ದೇಶದ ಜಾವಾ ತಂದು, ಮುಂದೆ ಯೆಜ್ದಿ ಮಾಡಿದ ಕಂಪನಿ. 1996ರಲ್ಲಿ ಮುಚ್ಚಿತು. 2018ರಲ್ಲಿ ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಜಾವಾ ಹೆಸರನ್ನು ಎಬ್ಬಿಸಿತು, 2022ರಲ್ಲಿ ಯೆಜ್ದಿಯನ್ನು. ಗಾಡಿ ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಯೆಜ್ದಿ ಎಂಬ ಹೆಸರು ಯಾರದ್ದು ಅನ್ನುವ ವ್ಯಾಜ್ಯ ಕರ್ನಾಟಕ ಹೈಕೋರ್ಟಿನವರೆಗೆ ಹೋಯಿತು. ಹೆಸರಿಗೆ ಅಷ್ಟು ಬೆಲೆ! ಯಾದವಗಿರಿಯ ಆ ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಂತವರಿಗೆ ಹೆಸರು ಮರಳಿ ಬಂದದ್ದರಿಂದ ಕೆಲಸವೇನೂ ಮರಳಲಿಲ್ಲ.

ಇದಕ್ಕೆ ಎದುರಾದದ್ದೂ ನಮ್ಮ ಕಣ್ಣೆದುರಿಗೇ ಇದೆ. 2010ರ ಡಿಸೆಂಬರಿನಲ್ಲಿ ಹೀರೋ, ಹೋಂಡಾ ಬೇರೆಯಾದವು. ಗುರುಗ್ರಾಮದಲ್ಲಿ ಎಲ್ಲರೂ ಕೇಳಿದ್ದು ಒಂದೇ, ಹೋಂಡಾ ಹೆಸರಿಲ್ಲದೆ ಯಾರು ಕೊಳ್ಳುತ್ತಾರೆ ಅಂತ. ಟ್ಯಾಂಕಿನ ಮೇಲಿನ ಸ್ಟಿಕ್ಕರಿನಲ್ಲಿ ಅರ್ಧ ಹೋಯಿತು, ಧಾರೂಹೇಡಾದ ಲೈನು ನಿಲ್ಲಲಿಲ್ಲ, ಸ್ಪ್ಲೆಂಡರ್ ಮಾರುವುದೂ ನಿಲ್ಲಲಿಲ್ಲ. ಸ್ಪೇರು, ಸರ್ವಿಸು, ಡೈ ಎಲ್ಲ ಇದ್ದಲ್ಲೇ ಇದ್ದವು.

ಆದ್ದರಿಂದ ಈಗ ನಿನ್ನ ವಿಷಯ. ಮೊದಲ ಮೂರು ತಿಂಗಳು ರಾಜೀನಾಮೆಯ ಮಾತು ಆಡಬೇಡ. ಹೊಸ ಮಾಲೀಕರಿಗೆ ಯಾರು ಏನು ಬಲ್ಲರು ಅಂತ ಗೊತ್ತಿರುವುದಿಲ್ಲ, ಯಾರಿಗೆ ಎಷ್ಟು ಸಂಬಳ ಅಂತ ಮಾತ್ರ ಗೊತ್ತಿರುತ್ತದೆ. ಅವರಿಗೆ ಗೊತ್ತಾಗುವಷ್ಟು ಹೊತ್ತು ಕೊಡು. ಹಳೆಯ ಕಂಪನಿಯ ಟೀ ಶರ್ಟು ಹಾಕಿಕೊಂಡು ಕ್ಯಾಂಟೀನಿನಲ್ಲಿ ಗುಂಪು ಕಟ್ಟುವವರ ಜೊತೆ ಚಹಾ ಕುಡಿ, ಬೇಡವೆನ್ನುವುದಿಲ್ಲ. ಅವರ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಬಾಯಿ ಬಿಡಬೇಡ. ಅಲ್ಲಿ ಬರೆದದ್ದೆಲ್ಲ ಸಂಜೆಯೊಳಗೆ ಎಚ್‌ಆರ್ ಮೇಜಿಗೆ ಹೋಗುತ್ತದೆ.

ಎರಡು ಕಂಪನಿ ಕೂಡಿದಾಗ ಎರಡರ ಪಾರ್ಟ್ ನಂಬರುಗಳನ್ನೂ ಒಂದು ಪಟ್ಟಿಗೆ ತರುವ ಕೆಲಸ ಬರುತ್ತದೆ. ಧೂಳು ಹಿಡಿದ ಡ್ರಾಯಿಂಗು, ಸಾವಿರಾರು ಸಾಲಿನ ಎಕ್ಸೆಲ್ ಶೀಟು, ಯಾರೂ ಮುಟ್ಟುವುದಿಲ್ಲ. ಅದನ್ನು ಕೇಳಿ ತೆಗೆದುಕೋ. ಈ ಬೋಲ್ಟು ಎಂಟು ಎಂಎಂ ಯಾಕೆ, ಆ ಬುಶ್ಶಿಗೆ ಇಷ್ಟೇ ಟಾಲರೆನ್ಸ್ ಯಾಕೆ, ಹಿಂದೆ ಯಾವ ಫೇಲ್ಯೂರ್ ಆಗಿತ್ತು ಅನ್ನುವುದೆಲ್ಲ ಅಲ್ಲಿ ತಾನಾಗಿ ತಿಳಿಯುತ್ತದೆ. ಡ್ರಾಯಿಂಗಿನಲ್ಲಿ ಅಳತೆ ಇರುತ್ತದೆ, ಕಾರಣ ಇರುವುದಿಲ್ಲ. ಕಾರಣ ಗೊತ್ತಿರುವವರು ರಿಟೈರಾಗುವ ಮೊದಲು ಅವರ ಪಕ್ಕ ಕೂತು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೋ. ಗುಸ್ತಾವ್‌ಸನ್ ಮತ್ತು ಸಂಗಡಿಗರು ಹೊರಗೆ ಬಂದಾಗ ಜೊತೆಗಿದ್ದದ್ದು ಆ ಕಾರಣಗಳೇ. ಆದರೆ ಒಂದು ಎಚ್ಚರ. ಡ್ರಾಯಿಂಗನ್ನು ಪೆನ್ ಡ್ರೈವಿನಲ್ಲಿ ಮನೆಗೆ ಒಯ್ಯುವುದು ಕಳ್ಳತನ. ಅದನ್ನು ನಮ್ಮ ಮನೆಯವರು ಯಾರೂ ಮಾಡಿಲ್ಲ, ನೀನೂ ಮಾಡಬಾರದು.

ಹೊಸ ಕಂಪನಿಯ ಪತ್ರ ಬಂದಾಗ ಸಂಬಳದ ಸಾಲನ್ನು ಆಮೇಲೆ ಓದು. ನಿನ್ನ ಸೇವೆ ಮುರಿಯದೆ ಮುಂದುವರಿಯುತ್ತದೆ ಎಂಬ ಸಾಲು ಇದೆಯೇ, ಹಳೆಯ ಸೇರ್ಪಡೆ ದಿನಾಂಕವನ್ನೇ ಹಿಡಿದಿದ್ದಾರೆಯೇ ನೋಡು. ಗ್ರಾಚ್ಯುಟಿ ಲೆಕ್ಕ ನಿಲ್ಲುವುದು ಅದರ ಮೇಲೆ. ಪಿಎಫ್ ಖಾತೆಗೆ ಅದೇ ಯುಎಎನ್ ಮುಂದುವರಿಯಲಿ. ಮತ್ತೆ ಪ್ರೊಬೇಷನ್ ಅಂತ ಬರೆದಿದ್ದರೆ ಸಹಿ ಹಾಕುವ ಮೊದಲು ವಿಚಾರಿಸು. ವರ್ಗಾವಣೆಯ ಕಲಂ ಎಲ್ಲಾ ಪತ್ರದಲ್ಲೂ ಇರುತ್ತದೆ. ಗಾಬರಿ ಬೇಡ, ಆದರೆ ಯಾವ ಊರುಗಳ ಹೆಸರಿದೆ ಅಂತ ಗಮನಿಸು.

ಇದೆಲ್ಲದರ ನಡುವೆ ಕಣ್ಣು ಮಾತ್ರ ಟೂಲ್‌ರೂಮಿನ ಮೇಲಿರಲಿ. ಹೊಸ ಡೈಗೆ ದುಡ್ಡು ಮಂಜೂರಾದರೆ, ಹಳೆಯದನ್ನು ರಿಪೇರಿಗೆ ಕೊಟ್ಟರೆ, ಐಟಿಐ ಹುಡುಗರನ್ನು ಅಪ್ರೆಂಟಿಸಿಗೆ ತೆಗೆದುಕೊಂಡರೆ ಇರು. ಹೆಸರು ಹತ್ತು ಸಲ ಬದಲಾಗಲಿ. ಡೈಗಳಿಗೆ ಗ್ರೀಸು ಬಳಿದು, ಮರದ ಪೆಟ್ಟಿಗೆಗೆ ಹಾಕಿ, ಲಾರಿ ಕರೆಸಿದರೆ ಆವತ್ತೇ ನಿನ್ನ ಬಯೋಡೇಟಾ ತೆಗೆ. ಮ್ಯಾನೇಜರು ಎಷ್ಟೇ ಸಿಹಿ ಮಾತಾಡಲಿ, ಟೌನ್ ಹಾಲ್ ಮೀಟಿಂಗಿನಲ್ಲಿ ಸಮೋಸಾ ಎಷ್ಟೇ ಬಿಸಿ ಇರಲಿ, ಡೈ ಲಾರಿ ಹತ್ತಿದ ಮೇಲೆ ನೀನು ರೈಲು ಹತ್ತುವುದೇ ಸರಿ. ನುಂಗುವವರ ಬಲ ನೋಡಿ ಸುಮ್ಮನಾಗಲೂ ಬೇಡ. ಹುಸಾಬರ್ಗನ್ನು ನುಂಗಿದ ಕೆಟಿಎಂ 2024ರ ನವೆಂಬರಿನಲ್ಲಿ ತಾನೇ ಕೋರ್ಟಿಗೆ ಹೋಗಿ ಸಾಲ ತೀರಿಸಲಾರೆ ಎಂದಿತು, ಅದನ್ನು ಎತ್ತಿದ್ದು ಪುಣೆಯ ಬಜಾಜ್ ದುಡ್ಡು.

ನಾಳೆ ನಿನ್ನದು ಎ ಶಿಫ್ಟ್ ಅಲ್ಲವೇ? ಊಟದ ಬಿಡುವಿನಲ್ಲಿ ಟೂಲ್‌ರೂಮಿಗೆ ಒಂದು ಸುತ್ತು ಹಾಕು. ಯಾವ ಡೈಗಳಿಗೆ ಹೊಸದಾಗಿ ಟ್ಯಾಗ್ ಕಟ್ಟಿದ್ದಾರೆ, ಟ್ಯಾಗಿನಲ್ಲಿ ಯಾವ ಊರಿನ ಹೆಸರಿದೆ ನೋಡಿ ರಾತ್ರಿ ನನಗೆ ಫೋನ್ ಮಾಡು.